ಒಂದು ಮಳೆಗಾಲಕ್ಕೆ ಒಂದು ರೋಲ್ ಸ್ಲೈಡ್

ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯ ಎಳೆಯ ಛಾಯಾಗ್ರಾಹಕ ಮಿತ್ರರಿಗೆ,



ಇತ್ತೀಚೆಗೆ ನಿಮ್ಮಲ್ಲಿ ಕೆಲವರ ಕೊರಳಲ್ಲಿ ಹಳೆಯ ಕ್ಯಾಮೆರಾ ಕಾಣಿಸತೊಡಗಿದೆ. ಅಜ್ಜನ ಟ್ರಂಕಿನಿಂದ ಹೊರಬಂದ ಯಾಶಿಕಾ, ಮುಂಬಯಿ ಹೋಟೆಲಿನಲ್ಲಿ ದುಡಿದ ಮಾವ ಊರಿಗೆ ತಂದಿಟ್ಟ ಪೆಂಟಾಕ್ಸ್, ಯಾರೋ ಕಡಿಮೆ ಬೆಲೆಗೆ ಬಿಟ್ಟುಕೊಟ್ಟ ನಿಕಾನ್. ನೆಗೆಟಿವ್ ಫಿಲ್ಮಿನಲ್ಲಿ ಒಂದೆರಡು ರೋಲ್ ತೆಗೆದು ಕೈ ಪಳಗಿದ ಮೇಲೆ ನೀವು ಕೇಳುವ ಪ್ರಶ್ನೆಯೂ ಒಂದೇ: ಸ್ಲೈಡ್ ಫಿಲ್ಮ್ ಹಾಕಿ ನೋಡಬಹುದೇ, ಎಲ್ಲಿಂದ ಶುರು ಮಾಡುವುದು? ಅದಕ್ಕೆ ಉತ್ತರವಾಗಿ ಈ ಪತ್ರ. ಧಾರಾಳವಾಗಿ ಹಾಕಿ ನೋಡಿ. ಆದರೆ ಮೊದಲ ರೋಲನ್ನು ಮಳೆಗಾಲದಲ್ಲೇ ತೆಗೆಯಿರಿ.

ಈ ಮಾತು ವಿಚಿತ್ರವಾಗಿ ಕೇಳಬಹುದು. ನಮ್ಮ ಕಡೆ ಜೂನ್ ಬಂತೆಂದರೆ ಕ್ಯಾಮೆರಾ ಕಪಾಟು ಸೇರುತ್ತದೆ, ದೀಪಾವಳಿಯ ಹೊತ್ತಿಗೆ ಹೊರಗೆ ಬರುತ್ತದೆ. ಫೋಟೋ ಎಂದರೆ ಬಿಸಿಲು, ನೀಲಿ ಆಕಾಶ, ಮರವಂತೆಯ ಸೂರ್ಯಾಸ್ತ. ಸ್ಲೈಡಿನ ಲೆಕ್ಕಾಚಾರವೇ ಬೇರೆ.

ಈ ಪತ್ರದ ಲೇಖಕ ತನ್ನ ಮೊದಲ ಸ್ಲೈಡ್ ರೋಲನ್ನು ಕಳೆದುಕೊಂಡದ್ದು ಅಂಥ ಒಳ್ಳೆಯ ಬಿಸಿಲಿನಲ್ಲೇ. ಬೈಂದೂರಿನ ತಗ್ಗರ್ಸೆ ಕಂಬಳ, ಮಧ್ಯಾಹ್ನ ದಾಟಿದ ಹೊತ್ತು. ಗದ್ದೆಯ ಕೆಸರುನೀರು ಕನ್ನಡಿಯಂತೆ ಹೊಳೆಯುತ್ತಿತ್ತು, ಕೋಣಗಳು ಕಡುಗಪ್ಪು, ಓಡಿಸುವವರ ತಲೆಯಲ್ಲಿ ಬಿಳಿ ಮುಂಡಾಸು. ಕಣ್ಣಿಗೆ ಎಲ್ಲವೂ ಕಾಣುತ್ತಿತ್ತು. ತೊಳೆದು ಬಂದ 36 ಚಿತ್ರಗಳಲ್ಲಿ ನೀರೆಲ್ಲ ಬರೀ ಬಿಳಿ, ಕೋಣಗಳೆಲ್ಲ ಕಪ್ಪು ಗುಡ್ಡೆ. ನಡುವೆ ಏನೂ ಇರಲಿಲ್ಲ. ಉಳಿದದ್ದು ಮೂರೇ ಮೂರು ಚಿತ್ರ, ಅವೂ ಸಂಜೆ ಮೋಡ ಕವಿದ ಮೇಲೆ ತೆಗೆದವು.

ಆ ರೋಲನ್ನು ಲೈಟ್ ಬಾಕ್ಸಿನ ಮೇಲಿಟ್ಟು ನೋಡಿದ ಹಿರಿಯ ಸ್ಟುಡಿಯೋದವರೊಬ್ಬರು ಬೈಯಲಿಲ್ಲ. ಭೂತಗನ್ನಡಿ ಕೆಳಗಿಟ್ಟು ಇಷ್ಟೇ ಹೇಳಿದರು: "ಕಾಣ್ ಮಾಣಿ, ನೆಗೆಟಿವ್ ಅಂದ್ರೆ ಅನ್ನ ಇದ್ದಂಗೆ. ಮುದ್ದೆ ಆದ್ರೂ ಉಂಬುಕಾತ್ತ್. ಸ್ಲೈಡ್ ಬೆಲ್ಲದ ಪಾಕ. ಚೂರ್ ತಪ್ರೆ ಮುಗೀತ್."

ಅವರು ಹೇಳಿದ್ದರ ಹಿಂದಿರುವುದು ಒಂದು ಸರಳ ಲೆಕ್ಕ. ಒಂದು ದೃಶ್ಯದ ಅತಿ ಕಪ್ಪು ಜಾಗಕ್ಕೂ ಅತಿ ಬೆಳಕಿನ ಜಾಗಕ್ಕೂ ಇರುವ ಅಂತರವನ್ನು ನಾವು ಸ್ಟಾಪ್‌ಗಳಲ್ಲಿ ಅಳೆಯುತ್ತೇವೆ. ಒಂದೊಂದು ಸ್ಟಾಪ್ ಏರಿದಂತೆ ಬೆಳಕು ಇಮ್ಮಡಿ. ಸ್ಲೈಡ್ ಫಿಲ್ಮ್ ವಿವರ ಸಮೇತ ಹಿಡಿಯಬಲ್ಲದ್ದು ಸುಮಾರು 5 ಸ್ಟಾಪ್. ಕಲರ್ ನೆಗೆಟಿವ್ ಅದಕ್ಕಿಂತ ಎಷ್ಟೋ ಹೆಚ್ಚು ಹಿಡಿಯುತ್ತದೆ, ಮೇಲಿಂದ ಪ್ರಿಂಟ್ ಹಾಕುವವನು ಅರ್ಧ ತಪ್ಪನ್ನು ಮುಚ್ಚಿಹಾಕುತ್ತಾನೆ. ಸ್ಲೈಡಿಗೆ ಪ್ರಿಂಟಿನ ಹಂತವೇ ಇಲ್ಲ. ಕ್ಯಾಮೆರಾದೊಳಗೆ ಬೆಳಕು ಬಿದ್ದ ಅದೇ ತುಣುಕು ತೊಳೆದು, ಒಣಗಿ, ಎರಡಂಗುಲ ಚೌಕದ ಮೌಂಟಿನಲ್ಲಿ ಕೂತು ನಿಮ್ಮ ಕೈಗೆ ಬರುತ್ತದೆ. ನಮ್ಮ ಕರಾವಳಿಯ ಮಾರ್ಚ್ ತಿಂಗಳ ಮಧ್ಯಾಹ್ನದಲ್ಲಿ ಬಿಳಿ ಮರಳಿಗೂ ತೆಂಗಿನ ನೆರಳಿಗೂ ಇರುವ ಅಂತರ ಐದು ಸ್ಟಾಪ್‌ಗಳಲ್ಲಿ ಮುಗಿಯುವಂಥದಲ್ಲ.

ಈಗ ಜುಲೈ ತಿಂಗಳ ಒಂದು ಬೆಳಿಗ್ಗೆಯನ್ನು ನೆನೆದುಕೊಳ್ಳಿ. ರಾತ್ರಿಯೆಲ್ಲ ಹೊಯ್ದ ಮಳೆ ಸ್ವಲ್ಪ ಹೊಳವಾಗಿದೆ. ಆಕಾಶವಿಡೀ ಒಂದೇ ಬೂದು ಮೋಡ. ನೆರಳು ಎಂಬುದೇ ಇಲ್ಲ. ನಾಟಿಯಾದ ಗದ್ದೆಯ ಹಸಿರು, ನೆನೆದ ಮುರಕಲ್ಲಿನ ಗೋಡೆಯ ಕೆಂಪು, ಹಂಚಿನ ಮಾಡಿನ ಮೇಲಿನ ಪಾಚಿ, ನಾಟಿ ಹೆಂಗಸರು ಹೊದ್ದ ಪ್ಲಾಸ್ಟಿಕ್ಕಿನ ನೀಲಿ, ಎಲ್ಲವೂ ಆ ಐದು ಸ್ಟಾಪಿನೊಳಗೇ ತಣ್ಣಗೆ ಕೂತಿರುತ್ತವೆ. ಒದ್ದೆಯಾದ ವಸ್ತುವಿನ ಬಣ್ಣ ಗಾಢವಾಗುತ್ತದೆ ಎಂಬುದು ಬಟ್ಟೆ ಒಗೆಯುವವರಿಗೆಲ್ಲ ಗೊತ್ತು. ಆ ಗಾಢತೆಯನ್ನು ಹಿಡಿಯುವುದಕ್ಕೆಂದೇ ಹುಟ್ಟಿದ್ದು ಸ್ಲೈಡ್ ಫಿಲ್ಮ್. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆಯಲ್ಲಿ ಹುಟ್ಟಿ, ಆ ನಾಲ್ಕು ತಿಂಗಳು ಕ್ಯಾಮೆರಾ ಮುಚ್ಚಿಡುವುದೆಂದರೆ ಮನೆಯ ಬಾವಿ ಬಿಟ್ಟು ನೀರಿಗೆ ಪಕ್ಕದೂರಿಗೆ ಹೋದಂತೆ.

ಮಳೆಯಲ್ಲಿ ಸ್ಲೈಡ್ ತೆಗೆದವರಲ್ಲಿ ಜಗತ್ತಿಗೆಲ್ಲ ಗೊತ್ತಿರುವ ಹೆಸರು ಸ್ಟೀವ್ ಮೆಕ್ಕರಿ. 1983ರಲ್ಲಿ ಗುಜರಾತಿನ ಪೋರಬಂದರಿನಲ್ಲಿ ಕುತ್ತಿಗೆಮಟ್ಟದ ನೆರೆನೀರಿನಲ್ಲಿ ತನ್ನ ಹೊಲಿಗೆ ಯಂತ್ರವನ್ನು ಹೆಗಲ ಮೇಲೆ ಹೊತ್ತು ಬರುತ್ತಿದ್ದ ಮುದುಕ ದರ್ಜಿಯ ಚಿತ್ರ ಅವರದು. ಆ ಮುಖದಲ್ಲಿ ಎಲ್ಲೂ ಗಡುಸಾದ ನೆರಳಿಲ್ಲ. ಅದು ಮೋಡದ ಉಪಕಾರ. ಅವರು ಆ ಕಾಲದಲ್ಲಿ ಬಳಸುತ್ತಿದ್ದುದು ಕೊಡಾಕ್ರೋಮ್. 1935ರಲ್ಲಿ ಸಿನಿಮಾ ಫಿಲ್ಮಾಗಿ, ಮರುವರ್ಷ 35 ಎಂಎಂ ಕ್ಯಾಮೆರಾಕ್ಕೆ ಬಂದ ಈ ಫಿಲ್ಮಿನ ತಯಾರಿಕೆಯನ್ನು ಕೊಡಾಕ್ 2009ರಲ್ಲಿ ನಿಲ್ಲಿಸಿತು. ಕೊನೆಗೆ ತಯಾರಾದ ರೋಲನ್ನು ಮೆಕ್ಕರಿಯ ಕೈಗೇ ಕೊಟ್ಟರು. 36 ಚಿತ್ರ, ಒಂದನ್ನೂ ದಂಡ ಮಾಡುವಂತಿಲ್ಲ. ಅವರು ಅದರ ಒಂದು ಪಾಲನ್ನು ನಮ್ಮ ದೇಶಕ್ಕೆ ಬಂದು ಮುಂಬಯಿಯಲ್ಲಿ, ರಾಜಸ್ಥಾನದಲ್ಲಿ ಖರ್ಚು ಮಾಡಿದರು. ಅಮೆರಿಕದ ಕ್ಯಾನ್ಸಸ್ ರಾಜ್ಯದ ಪಾರ್ಸನ್ಸ್ ಎಂಬ ಸಣ್ಣ ಊರಿನಲ್ಲಿ ಕೊಡಾಕ್ರೋಮ್ ತೊಳೆಯುತ್ತಿದ್ದ ಕಡೆಯ ಲ್ಯಾಬ್ ಕೂಡ 2010ರ ಡಿಸೆಂಬರ್ 30ಕ್ಕೆ ರೋಲ್ ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ನಮ್ಮವರೇ ಆದ ರಘುಬೀರ್ ಸಿಂಗ್ ಕೂಡ ಇದೇ ಫಿಲ್ಮಿನಲ್ಲಿ ಗಂಗೆಯ ಘಟ್ಟಗಳನ್ನು ಕಟ್ಟಿಕೊಟ್ಟವರು. ಭಾರತವನ್ನು ಬಣ್ಣವಿಲ್ಲದೆ ನೋಡಲಾಗದು ಎಂಬ ನಿಲುವಿಗೆ 1999ರಲ್ಲಿ ತೀರಿಕೊಳ್ಳುವವರೆಗೂ ಅಂಟಿಕೊಂಡಿದ್ದರು. ಅವರ ಪುಸ್ತಕ ಎಲ್ಲಿ ಸಿಕ್ಕರೂ ಬಿಡಬೇಡಿ.

ಕೊಡಾಕ್ರೋಮ್ ಹೋಯಿತೆಂದು ದಾರಿ ಮುಚ್ಚಿಲ್ಲ. 2012ರಲ್ಲಿ ನಿಂತಿದ್ದ ಎಕ್ಟಾಕ್ರೋಮ್ ಅನ್ನು ಕೊಡಾಕ್ 2018ರಲ್ಲಿ ಮತ್ತೆ ತಂದಿತು, ಹೆಸರು ಇ100. ಫ್ಯೂಜಿಯವರ ಪ್ರೋವಿಯಾ 100ಎಫ್ ಇದೆ, 1990ರಲ್ಲಿ ಬಂದು ಪ್ರಕೃತಿ ಛಾಯಾಗ್ರಾಹಕರ ಮನಗೆದ್ದ ವೆಲ್ವಿಯಾ 50 ಇದೆ. ಮೊದಲ ರೋಲಿಗೆ ವೆಲ್ವಿಯಾ ಬೇಡ. ಅದು ಹಸಿರನ್ನು ಇನ್ನಷ್ಟು ಹಸಿರು ಮಾಡುತ್ತದೆ, ಮನುಷ್ಯರ ಮುಖವನ್ನು ಕೆಂಪೇರಿಸುತ್ತದೆ, ತಪ್ಪನ್ನು ಸಹಿಸುವುದೂ ಕಡಿಮೆ. ನಮ್ಮ ಮಳೆಗಾಲದ ಹಸಿರಿಗೆ ಮತ್ತೆ ಹಸಿರು ಬಳಿಯಬೇಕಾದ್ದಿಲ್ಲ. ಇ100 ಅಥವಾ ಪ್ರೋವಿಯಾ ಸಾಕು. ಅವಧಿ ಮೀರಿದ ಸ್ಲೈಡ್ ರೋಲ್ ಅಗ್ಗಕ್ಕೆ ಸಿಗುತ್ತದೆಂದು ಕೊಳ್ಳಬೇಡಿ. ಹಳೆಯ ನೆಗೆಟಿವ್ ಹೇಗೋ ನಡೆದೀತು, ಹಳೆಯ ಸ್ಲೈಡ್ ಬಣ್ಣ ವಾಲಿಸಿಕೊಂಡು ಬರುತ್ತದೆ.

ಖರ್ಚಿನ ಮಾತನ್ನು ಮುಚ್ಚಿಡಬಾರದು. ರೋಲ್, ತೊಳೆಸುವುದು, ಕೊರಿಯರ್ ಎಲ್ಲ ಸೇರಿದರೆ 36 ಚಿತ್ರಕ್ಕೆ ಕೆಲವು ಸಾವಿರ ರೂಪಾಯಿ. ಕಾಲೇಜಿಗೆ ಹೋಗುವವರಿಗೆ ಅದು ಸಣ್ಣ ಮೊತ್ತವಲ್ಲ. ಅದಕ್ಕೇ ಒಂದು ಮಳೆಗಾಲಕ್ಕೆ ಒಂದೇ ರೋಲ್ ಎಂದು ಕೇಳಿಕೊಳ್ಳುತ್ತಿರುವುದು. ಇಬ್ಬರು ಗೆಳೆಯರು ಸೇರಿ ಹದಿನೆಂಟು ಹದಿನೆಂಟು ಚಿತ್ರ ಹಂಚಿಕೊಂಡರೂ ಆದೀತು. ರೋಲ್ ಕೊಳ್ಳುವ ಮುಂಚೆಯೇ ಅದನ್ನು ಎಲ್ಲಿ ತೊಳೆಸುವುದು ಎಂದು ವಿಚಾರಿಸಿಕೊಳ್ಳಿ. ಇದಕ್ಕೆ ಬೇಕಾದ ಇ-6 ಎಂಬ ಕ್ರಮವನ್ನು ದೊಡ್ಡ ನಗರಗಳ ಬೆರಳೆಣಿಕೆಯ ಲ್ಯಾಬ್‌ಗಳು ಮಾತ್ರ ಮಾಡುತ್ತವೆ.

ಯಾಕೆ ಹಾಗೆ ಎಂದು ತಿಳಿದರೆ ಆ ಲ್ಯಾಬಿನವರ ಮೇಲೆ ಗೌರವ ಹುಟ್ಟುತ್ತದೆ. ಮೊದಲ ಡೆವಲಪರ್ ಸರಿಯಾಗಿ 38 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು, ಸುಮಾರು ಆರು ನಿಮಿಷ. ಅರ್ಧ ಡಿಗ್ರಿ ಆಚೀಚೆ ಆದರೂ ಚಿತ್ರದ ಬೆಳಕು ಬದಲಾಗುತ್ತದೆ. ಆ ಹಂತದಲ್ಲಿ ಫಿಲ್ಮಿನ ಮೇಲೆ ಮೂಡುವುದು ಕಪ್ಪು-ಬಿಳುಪು ನೆಗೆಟಿವ್. ಆಮೇಲೆ, ಬೆಳಕು ಮುಟ್ಟದೆ ಉಳಿದಿದ್ದ ಭಾಗವನ್ನು ರಾಸಾಯನಿಕದಿಂದ ಎಬ್ಬಿಸಿ ಕಲರ್ ಡೆವಲಪರ್‌ಗೆ ಹಾಕುತ್ತಾರೆ, ಅಲ್ಲಿ ಬಣ್ಣ ಹುಟ್ಟುತ್ತದೆ. ಕೊನೆಗೆ ಬ್ಲೀಚ್ ಮತ್ತು ಫಿಕ್ಸರ್ ಸೇರಿ ಬೆಳ್ಳಿಯನ್ನು ಪೂರ್ತಿ ತೆಗೆದುಬಿಡುತ್ತವೆ. ಕೈಗೆ ಬರುವ ಸ್ಲೈಡಿನಲ್ಲಿ ಬೆಳ್ಳಿಯ ಕಣವೂ ಇರುವುದಿಲ್ಲ. ಸಯಾನ್, ಮಜೆಂಟಾ, ಹಳದಿ ಎಂಬ ಮೂರು ಬಣ್ಣದ ತೆಳುಪದರ, ಅದನ್ನು ಹಿಡಿದಿಟ್ಟ ಜೆಲಟಿನ್, ಅಷ್ಟೇ. ಈ ಜೆಲಟಿನ್ ಎಂಬ ಹೆಸರನ್ನು ನೆನಪಿಡಿ, ಮುಂದೆ ಅದರ ಸಂಕಟ ಹೇಳುವುದಿದೆ.

ಕ್ಯಾಮೆರಾ ಯಾವುದಾದರೂ ಆದೀತು, ಆದರೆ ಶಟರ್ ವೇಗವನ್ನೂ ಅಪರ್ಚರನ್ನೂ ನೀವೇ ಇಡುವಂತಿರಬೇಕು. ಒಂದು ಕಾಲಕ್ಕೆ ನಮ್ಮ ಮನೆಮನೆಗೆ ಬಂದಿದ್ದ ಯಾಶಿಕಾ ಎಂಎಫ್-2ರಂಥ ಸರಳ ಕ್ಯಾಮೆರಾ ನೆಗೆಟಿವ್‌ಗೆ ಸರಿ, ಸ್ಲೈಡಿಗೆ ಸಾಲದು. ಪೆಂಟಾಕ್ಸ್ ಕೆ1000, ನಿಕಾನ್ ಎಫ್ಎಂ2 ಈ ಕೆಲಸಕ್ಕೆ ಹೇಳಿ ಮಾಡಿಸಿದವು. ಕೊಳ್ಳುವಾಗ ಲೆನ್ಸನ್ನು ಕಿಟಕಿಗೆ ಹಿಡಿದು ನೋಡಿ. ಕರಾವಳಿಯಲ್ಲಿ ಹತ್ತು ವರ್ಷ ಮುಚ್ಚಿಟ್ಟ ಲೆನ್ಸಿನೊಳಗೆ ಜೇಡರಬಲೆಯಂಥ ಬೂಷ್ಟು ಹಬ್ಬಿರುತ್ತದೆ. ಹಿಂಬಾಗಿಲಿನ ಅಂಚಿನ ಸ್ಪಂಜನ್ನು ಬೆರಳಲ್ಲಿ ಮುಟ್ಟಿ. ಅಂಟಂಟಾಗಿ ಉದುರಿದರೆ ಬೆಳಕು ಸೋರುತ್ತದೆಂದೇ ಅರ್ಥ, ಅದನ್ನು ಬದಲಿಸದೆ ದುಬಾರಿ ರೋಲ್ ಹಾಕಬೇಡಿ.

ಬೆಳಕು ಅಳೆಯುವ ಬಗ್ಗೆ ಒಂದೇ ಸೂತ್ರ: ನೆಗೆಟಿವ್‌ನಲ್ಲಿ ನೆರಳನ್ನು ಕಾಯಬೇಕು, ಸ್ಲೈಡಿನಲ್ಲಿ ಬೆಳಕನ್ನು ಕಾಯಬೇಕು. ಸುಟ್ಟು ಬಿಳಿಯಾದ ಜಾಗ ಮರಳಿ ಬರುವುದಿಲ್ಲ. ಕ್ಯಾಮೆರಾದ ಮೀಟರ್ ಯಾವುದನ್ನು ಕಂಡರೂ ನಡುಬೂದು ಬಣ್ಣವೆಂದೇ ನಂಬುತ್ತದೆ. ಅದಕ್ಕೆ ಬೂದು ಕಾರ್ಡ್ ಕೊಳ್ಳಬೇಕಾಗಿಲ್ಲ, ನಮ್ಮ ಗದ್ದೆಯಿದೆ. ಬೆಳೆದು ನಿಂತ ಭತ್ತದ ಹಸಿರು ಹೆಚ್ಚು ಕಡಿಮೆ ಅದೇ ನಡುಬೂದಿನ ಮಟ್ಟದ್ದು. ನಿಮ್ಮ ವಸ್ತುವಿನ ಮೇಲೆ ಬಿದ್ದ ಬೆಳಕೇ ಗದ್ದೆಯ ಮೇಲೂ ಬಿದ್ದಿದ್ದರೆ ಗದ್ದೆಗೆ ಕ್ಯಾಮೆರಾ ತಿರುಗಿಸಿ ಅಳೆದು, ಅದೇ ಅಳತೆಯಲ್ಲಿ ಚಿತ್ರ ತೆಗೆಯಿರಿ. ಮೀಟರ್ ಕೆಟ್ಟಿದ್ದರೆ ಹೆದರಬೇಡಿ. ಐಎಸ್ಒ 100ರ ಫಿಲ್ಮಿಗೆ 1/125 ಸೆಕೆಂಡಿನಲ್ಲಿ, ಸುಡುಬಿಸಿಲಿಗೆ ಎಫ್/16, ತೆಳುಮೋಡಕ್ಕೆ ಎಫ್/11, ದಟ್ಟಮೋಡಕ್ಕೆ ಎಫ್/5.6. ನಮ್ಮ ಆಷಾಢದ ಕತ್ತಲೆಗಟ್ಟಿದ ಮೋಡಕ್ಕೆ ಇನ್ನೂ ಒಂದೆರಡು ಸ್ಟಾಪ್ ತೆರೆಯಬೇಕಾದೀತು. ಚಿತ್ರ ಮುಖ್ಯವೆನಿಸಿದರೆ ಅರ್ಧ ಸ್ಟಾಪ್ ಹೆಚ್ಚು, ಅರ್ಧ ಸ್ಟಾಪ್ ಕಡಿಮೆ ಇಟ್ಟು ಮೂರು ಸಲ ತೆಗೆಯಿರಿ. ಚೌಕಟ್ಟಿನಿಂದ ಆಕಾಶವನ್ನು ಆದಷ್ಟು ಹೊರಗಿಡಿ. ಮಳೆಗಾಲದ ಆಕಾಶ ಸ್ಲೈಡಿನಲ್ಲಿ ಬರೀ ಬಿಳಿ ಕಾಗದದಂತೆ ಬರುತ್ತದೆ. ಮೋಡದ ಬೆಳಕು ಸ್ವಲ್ಪ ನೀಲಿಗೆ ತಿರುಗಿರುತ್ತದೆ, ಮುಖಗಳಿರುವ ಚಿತ್ರಕ್ಕೆ 81ಎ ಫಿಲ್ಟರ್ ಹಾಕಿದರೆ ಆ ಚಳಿ ಹೋಗುತ್ತದೆ.

ಪ್ರತಿ ಚಿತ್ರಕ್ಕೂ ಶಟರ್, ಅಪರ್ಚರ್, ಹೊತ್ತು, ಜಾಗ ನೋಟ್‌ಬುಕ್ಕಿನಲ್ಲಿ ಬರೆಯಿರಿ. ದಯವಿಟ್ಟು ಬರೆಯಿರಿ. ಫೋನಿನ ಕ್ಯಾಮೆರಾ ಎಲ್ಲವನ್ನೂ ತಾನೇ ನೆನಪಿಡುತ್ತದೆ, ಫಿಲ್ಮ್ ಏನನ್ನೂ ನೆನಪಿಡುವುದಿಲ್ಲ. ತಿಂಗಳ ಮೇಲೆ ಸ್ಲೈಡ್ ಬಂದಾಗ ಆ ಪುಟ ಪಕ್ಕದಲ್ಲಿಲ್ಲದಿದ್ದರೆ ಎಲ್ಲಿ ಎಡವಿದಿರೆಂದು ಗೊತ್ತಾಗದೆ ಮುಂದಿನ ರೋಲಿನಲ್ಲೂ ಅಲ್ಲೇ ಎಡವುತ್ತೀರಿ.

ಏನನ್ನು ತೆಗೆಯುವುದು? ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಕಡಲು ನಿಷೇಧ. ಆಗ ಗಂಗೊಳ್ಳಿಯಲ್ಲಿ, ಹಂಗಾರಕಟ್ಟೆಯಲ್ಲಿ ದಡ ಸೇರಿದ ದೋಣಿಗಳ ಮೈಬಣ್ಣ ನೋಡಿ. ಬಲೆ ಹೆಣೆಯುವ ಕೈಗಳನ್ನು ನೋಡಿ. ಪಂಚಗಂಗಾವಳಿಗೆ ಐದು ಹೊಳೆಗಳು ತರುವ ಕೆಂಪು ನೀರು ಕಡಲಿನ ಬೂದುನೀರಿಗೆ ಸೇರುವಲ್ಲಿ ಒಂದು ಗೆರೆ ಕಾಣುತ್ತದೆ, ಅದು ಈ ಎರಡು ಮೂರು ತಿಂಗಳ ನೋಟ. ಬಾರ್ಕೂರಿನ ಕತ್ತಲೆ ಬಸದಿಯ ಕಲ್ಲುಗಳು ನೆನೆದಾಗ ಉಳಿಯ ಗುರುತು ಎದ್ದು ಬರುತ್ತದೆ. ಮರವಂತೆಯಲ್ಲಿ ರಸ್ತೆಯ ಒಂದು ಮಗ್ಗುಲಲ್ಲಿ ಕಡಲು, ಇನ್ನೊಂದು ಮಗ್ಗುಲಲ್ಲಿ ಸೌಪರ್ಣಿಕಾ. ಎಲ್ಲರೂ ಕಡಲಿನತ್ತ ಕ್ಯಾಮೆರಾ ಹಿಡಿಯುತ್ತಾರೆ, ನೀವು ಹೊಳೆಯತ್ತ ತಿರುಗಿ. ಅಲೆ ಬಡಿಯುವ ತಡೆಗೋಡೆಯ ಬಂಡೆಗಳ ಮೇಲೆ ಮಾತ್ರ ಇಳಿಯಬೇಡಿ. ಎಷ್ಟು ದೊಡ್ಡ ಚಿತ್ರವೂ ಅಷ್ಟು ಬೆಲೆಯದಲ್ಲ.

ಯಕ್ಷಗಾನ ಈಗಲೇ ಬೇಡ. ಹಾರಾಡಿ, ಮಟಪಾಡಿಯಂಥ ಊರುಗಳ ಹೆಸರಿನಲ್ಲಿ ಶೈಲಿಗಳೇ ಬೆಳೆದ ಈ ನೆಲದಲ್ಲಿ ಆ ಆಸೆ ಸಹಜ. ಆದರೆ ಹಗಲಿನ ಬೆಳಕಿಗೆ ಹೊಂದಿಸಿದ ಐಎಸ್ಒ 100ರ ಫಿಲ್ಮು ರಾತ್ರಿಯ ರಂಗಸ್ಥಳಕ್ಕೆ ಸಾಲದು. ಹೇಗೂ ಮಳೆಗಾಲದಲ್ಲಿ ಮೇಳಗಳು ತಿರುಗಾಟ ಮುಗಿಸಿರುತ್ತವೆ.

ಈಗ ಜೆಲಟಿನ್ನಿನ ಸಂಕಟ. ಬಣ್ಣಕ್ಕೆ ಒಳ್ಳೆಯದಾದ ನಮ್ಮ ಮಳೆಗಾಲವೇ ಸ್ಲೈಡಿನ ದೊಡ್ಡ ಶತ್ರು. ಜೆಲಟಿನ್ ಪ್ರಾಣಿಗಳ ಮೂಳೆ, ಚರ್ಮದಿಂದ ಬರುವ ವಸ್ತು. ಗಾಳಿಯ ತೇವ ಶೇಕಡಾ 60 ದಾಟಿದರೆ ಬೂಷ್ಟಿಗೆ ಅದು ಹಬ್ಬದೂಟ. ನಮ್ಮಲ್ಲಿ ಜುಲೈ ತಿಂಗಳಲ್ಲಿ ತೇವ 80ರ ಮೇಲೇ ಇರುತ್ತದೆ. ಆದ್ದರಿಂದ ರೋಲನ್ನು ಕ್ಯಾಮೆರಾದಲ್ಲಿ ತಿಂಗಳುಗಟ್ಟಲೆ ಇಡಬೇಡಿ, ಮುಗಿದ ಕೂಡಲೇ ಅದರ ಡಬ್ಬಿಗೆ ಹಾಕಿ ಲ್ಯಾಬಿಗೆ ಕಳಿಸಿ. ಹೊಸ ರೋಲನ್ನು ಫ್ರಿಜ್ಜಿನಲ್ಲಿಟ್ಟಿದ್ದರೆ ಹೊರಗೆ ತೆಗೆದು ಒಂದೆರಡು ಗಂಟೆ ಕಾದು ಡಬ್ಬಿ ತೆರೆಯಿರಿ, ಇಲ್ಲವಾದರೆ ಫಿಲ್ಮಿನ ಮೇಲೆಲ್ಲ ನೀರು ಬೆವರುತ್ತದೆ. ತೊಳೆದು ಬಂದ ಸ್ಲೈಡನ್ನು ಬಿಗಿಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಜೆಲ್ ಬಣ್ಣ ಬದಲಿಸಿದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಿ. ನಮ್ಮ ಹಳೆಯ ಸ್ಟುಡಿಯೋಗಳಲ್ಲಿ ಕಪಾಟಿನ ತಳದಲ್ಲಿ 15 ವ್ಯಾಟಿನ ಬಲ್ಬ್ ಒಂದನ್ನು ಮಳೆಗಾಲವಿಡೀ ಉರಿಸಿಡುತ್ತಿದ್ದರು. ಅದು ಇಂದಿಗೂ ಕೆಲಸ ಮಾಡುವ ಉಪಾಯ.

ಇಲ್ಲಿ ನಿಮ್ಮಲ್ಲಿ ಒಂದು ದೊಡ್ಡ ಬೇಡಿಕೆಯಿದೆ. ಹೊಸ ಸ್ಲೈಡ್ ತೆಗೆಯುವ ಮುನ್ನ ಹಳೆಯ ಸ್ಲೈಡ್ ಹುಡುಕಿ. ನಿಮ್ಮ ಅಟ್ಟದಲ್ಲಿ, ನೆಂಟರ ಮನೆಯಲ್ಲಿ, ಗಲ್ಫಿನಿಂದ ಮರಳಿದವರ ಸೂಟ್‌ಕೇಸಿನಲ್ಲಿ, ನಿವೃತ್ತ ಮೇಷ್ಟ್ರ ಕಪಾಟಿನಲ್ಲಿ ಹಳದಿ ಕಾಗದದ ಪುಟ್ಟ ಪೆಟ್ಟಿಗೆಗಳು ಇದ್ದಾವು. ಯಾರದೋ ಮದುವೆ, ಕೋಟೇಶ್ವರದ ಕೊಡಿಹಬ್ಬ, ಕೈರಂಪಣಿ ಎಳೆಯುವ ಸಾಲು, ಹೊಳೆಗೆ ಸೇತುವೆ ಬರುವ ಮೊದಲಿನ ಕಡವು. ಒಂದು ಚಿತ್ರ ಮುಂದೆ ಯಾರಿಗೆ ಉಪಕಾರವಾದೀತೆಂದು ತೆಗೆದವರಿಗೂ ಗೊತ್ತಿರುವುದಿಲ್ಲ. ಇತಿಹಾಸಕಾರ ಪಾದೂರು ಗುರುರಾಜ ಭಟ್ಟರು ಕ್ಯಾಮೆರಾ ಹಿಡಿದು ತುಳುನಾಡಿನ ಗುಡಿಗುಡಿ ಸುತ್ತಿ ವಿಗ್ರಹಗಳ ಚಿತ್ರ ತೆಗೆದು, 1975ರಲ್ಲಿ ತಮ್ಮ ದೊಡ್ಡ ಗ್ರಂಥದಲ್ಲಿ ಸೇರಿಸಿದರು. ಎರಡೇ ವರ್ಷದಲ್ಲಿ ತೀರಿಕೊಂಡರು. ಇಂದು ಬಾರ್ಕೂರಿನ ಬಗ್ಗೆ ಬರೆಯುವವರು ಆ ಗ್ರಂಥವನ್ನು ತೆರೆಯದೆ ಮುಂದೆ ಹೋಗುವಂತಿಲ್ಲ.

ಈ ಪತ್ರದ ಲೇಖಕನ ಮನೆಯಲ್ಲೇ ಎರಡು ಪೆಟ್ಟಿಗೆ ಹಾಳಾದವು. ಗಾಜಿನ ಮೌಂಟಿನ ನಡುವೆ ತೇವ ಸಿಕ್ಕಿ, ತಾಯಿಯ ಮುಖವಿದ್ದ ಜಾಗದಲ್ಲಿ ನಕ್ಷತ್ರದಂಥ ಬಿಳಿ ಬೂಷ್ಟು. ಗೊತ್ತಿಲ್ಲದೆ ಒದ್ದೆ ಬಟ್ಟೆಯಲ್ಲಿ ಒರೆಸಿದ್ದಕ್ಕೆ ಬಣ್ಣವೇ ಎದ್ದು ಬಂತು. ಬೂಷ್ಟು ತಿಂದ ಜೆಲಟಿನ್ ನೀರಿನಲ್ಲಿ ಕರಗುತ್ತದೆ ಎಂದು ತಿಳಿದದ್ದು ಆಮೇಲೆ. ನಿಮಗೆ ಅಂಥ ಸ್ಲೈಡ್ ಸಿಕ್ಕರೆ ನೀರು ಮುಟ್ಟಿಸಬೇಡಿ. ಒಣ ಬ್ರಷ್ಷಿನಲ್ಲಿ ಧೂಳು ಮಾತ್ರ ಕೊಡವಿ, ಒಣ ಡಬ್ಬಿಗೆ ಹಾಕಿ, ಮೊದಲು ಸ್ಕ್ಯಾನ್ ಮಾಡಿಸಿ. ಹಳೆಯ ಎಕ್ಟಾಕ್ರೋಮ್ ಕೆಂಪಾಗಿದ್ದರೂ ಎಸೆಯಬೇಡಿ, ಸ್ಕ್ಯಾನಿನಲ್ಲಿ ಬಣ್ಣವನ್ನು ಬಹುಮಟ್ಟಿಗೆ ಮರಳಿ ತರಬಹುದು. ಕೊಡಾಕ್ರೋಮ್ ಕತ್ತಲಲ್ಲಿ ಇದ್ದಷ್ಟು ದಿನ ಬಣ್ಣ ಬಿಡದು, ಪ್ರೊಜೆಕ್ಟರಿನ ಬೆಳಕಿಗೆ ಮಾತ್ರ ಬೇಗ ಮಾಸುತ್ತದೆ. ಅಪರೂಪದ್ದನ್ನು ತುಂಬಾ ಹೊತ್ತು ಪರದೆಗೆ ಹಾಕಬೇಡಿ. ಪೆಟ್ಟಿಗೆ ಇರುವ ಮನೆಯ ಹಿರಿಯರ ಪಕ್ಕ ಕೂತು, ಯಾರು, ಎಲ್ಲಿ, ಯಾವ ವರ್ಷ ಎಂದು ಕೇಳಿ, ಮೌಂಟಿನ ಅಂಚಿನಲ್ಲಿ ಪೆನ್ಸಿಲಿನಿಂದ ಬರೆಯಿರಿ. ಈ ಕೆಲಸಕ್ಕೆ ರಜೆ ಸಿಗುವವರೆಗೆ ಕಾಯಬೇಡಿ.

ಊರಿನ ಸ್ಟುಡಿಯೋ ಹಿರಿಯರಲ್ಲಿ, ಸೌತ್ ಕೆನರಾ ಫೋಟೋಗ್ರಾಫರ್ಸ್ ಅಸೋಸಿಯೇಷನ್ನಿನ ಕುಂದಾಪುರ-ಬೈಂದೂರು ಮತ್ತು ಬ್ರಹ್ಮಾವರ ವಲಯದವರಲ್ಲಿಯೂ ಒಂದು ವಿನಂತಿ. ಈ ಮಕ್ಕಳು ನಿಮ್ಮ ಅಂಗಡಿಗೆ ಹಳೆಯ ಲೈಟ್ ಮೀಟರ್ ಹಿಡಿದು ಬಂದರೆ ಹತ್ತು ನಿಮಿಷ ಕೊಡಿ. ನಿಮ್ಮ ಕೈಯಲ್ಲಿರುವ ಅಂದಾಜು ಯಾವ ಪುಸ್ತಕದಲ್ಲೂ ಇಲ್ಲ.

ಕೊನೆಯದಾಗಿ ಒಂದು ಕೋರಿಕೆ. ಸ್ಲೈಡನ್ನು ಸ್ಕ್ಯಾನ್ ಮಾಡಿ ಫೋನಿಗೆ ಹಾಕಿ ಅಲ್ಲಿಗೇ ಬಿಡಬೇಡಿ, ಗೋಡೆಗೆ ಹಾಕಿ ತೋರಿಸಿ. ಆಸಾಡಿ ಅಮಾವಾಸ್ಯೆಯಂದು ಕೆಲವು ವರ್ಷಗಳಿಂದ ವಿಶ್ವ ಕುಂದಾಪ್ರ ಕನ್ನಡ ದಿನ ಆಚರಿಸುತ್ತಿದ್ದೇವೆ. ಮಾತಿನ ಹಬ್ಬ ಅದು, ಊಟವೂ ಇರುತ್ತದೆ. ಆ ರಾತ್ರಿಗಿಂತ ಒಳ್ಳೆಯ ಕತ್ತಲೆ ಸಿಗುವುದೂ ಇಲ್ಲ. ಯಾರದಾದರೂ ಮನೆಯ ಚಾವಡಿಯಲ್ಲಿ ಬಿಳಿ ಪಂಚೆ ಕಟ್ಟಿ, ಎಲ್ಲೋ ಮೂಲೆ ಸೇರಿದ ಪ್ರೊಜೆಕ್ಟರ್ ಹುಡುಕಿ ತಂದು, ಹಳೆಯ ಪೆಟ್ಟಿಗೆಯ ಹತ್ತು ಸ್ಲೈಡ್, ನಿಮ್ಮ ಹೊಸ ರೋಲಿನ ಹತ್ತು ಸ್ಲೈಡ್ ಹಾಕಿ. ಅಜ್ಜಿಯಂದಿರನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಅವರು ಹೇಳುವ ಹೆಸರುಗಳನ್ನು ಒಬ್ಬರು ಬರೆದುಕೊಳ್ಳಲಿ. ಪ್ರೊಜೆಕ್ಟರಿನ ಬಲ್ಬನ್ನು ಎರಡು ದಿನ ಮೊದಲೇ ಉರಿಸಿ ನೋಡಿ, ಬದಲಿ ಬಲ್ಬ್ ಒಂದನ್ನು ಕೈಯಲ್ಲಿಟ್ಟುಕೊಳ್ಳಿ. ಅದು ನಮ್ಮ ಪೇಟೆಯಲ್ಲಿ ಆ ಹೊತ್ತಿಗೆ ಹುಡುಕಿದರೆ ಸಿಗುವ ವಸ್ತುವಲ್ಲ.

ಇತಿ,
ನಿಮ್ಮ ಹಿತೈಷಿ,
ಸ್ಲೈಡ್ ಪೆಟ್ಟಿಗೆಗಳನ್ನು ಇನ್ನೂ ಜೋಪಾನ ಮಾಡುತ್ತಿರುವ ಒಬ್ಬ ಛಾಯಾಗ್ರಾಹಕ
ಕುಂದಾಪುರ